ಕೈ ಮುಗಿದು ಮಾಡಿದ ನಿಂದನೆ: ಒಂದು ರಾಜಕೀಯ ಚರ್ಚಾ ಬಳಗದ ಪ್ರಕರಣ ಅಧ್ಯಯನ

ಇಲ್ಲಿ ಬರುವವರ ವೃತ್ತಿ, ಬಳಗದ ಗಾತ್ರ, ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಸಂದೇಶಗಳ ಪದಗಳನ್ನೂ ಹುಡುಕಿದರೆ ಸಿಗದಂತೆ ತಿದ್ದಿದ್ದೇನೆ. ಘಟನೆಗಳ ಕ್ರಮವನ್ನು, ಯಾವ ಘಟ್ಟದಲ್ಲಿ ಯಾರು ಏನು ತೀರ್ಮಾನಿಸಿದರು ಎಂಬುದನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಜಗಳ ಕೈಮೀರಿದ ಮೇಲೆ ಬಳಗದ ನಿರ್ವಾಹಕರು ಹೊರಗಿನವರೊಬ್ಬರು ಓದಿ ನೋಡಲಿ ಎಂದು ಕೇಳಿದರು. ಸದಸ್ಯರ ಒಪ್ಪಿಗೆ ಪಡೆದು ಇಡೀ ಚರ್ಚೆಯನ್ನು ಮೊದಲಿನಿಂದ ಓದಿದೆ.

ಹಿನ್ನೆಲೆ

ಒಂದೇ ವಿದ್ಯಾಸಂಸ್ಥೆಯಲ್ಲಿ ಓದಿದವರ ಮೆಸೇಜಿಂಗ್ ಗುಂಪು. ಶುಭಾಶಯ, ಉದ್ಯೋಗದ ಸುದ್ದಿಗಳ ನಡುವೆ ರಾಜಕೀಯ ನುಸುಳಿ ಕಿರಿಕಿರಿಯಾಗತೊಡಗಿದಾಗ, ರಾಜಕೀಯ ಮಾತಾಡಬೇಕೆನ್ನುವವರಿಗಾಗಿ ಪ್ರತ್ಯೇಕ ಗುಂಪು ಮಾಡಿದರು. ಅಲ್ಲಿಗೆ ಬಂದವರು ಸುಮಾರು 150 ಮಂದಿ, ನಿರ್ವಾಹಕರು ಮೂವರು. ಎಲ್ಲರೂ ಸ್ವಂತ ಹೆಸರಿನಲ್ಲೇ ಬರೆಯುತ್ತಿದ್ದರು, ಬಹುತೇಕರಿಗೆ ಪರಸ್ಪರ ಮುಖಪರಿಚಯವೂ ಇತ್ತು.

ನಿಯಮಗಳು ಎರಡೇ. ಮೂಲ ಹೇಳದ ಫಾರ್ವರ್ಡ್ ಸಂದೇಶ ಹಾಕಿದರೆ ಅಳಿಸಲಾಗುವುದು. ಕೆಟ್ಟ ಪದ ಬಳಸಿದರೆ ಮೂರು ದಿನ ಮ್ಯೂಟ್. ಇದಕ್ಕಿಂತ ಹೆಚ್ಚೇನೂ ಬೇಕಾಗದು ಎಂದು ನಿರ್ವಾಹಕರು ನಂಬಿದ್ದಕ್ಕೆ ಕಾರಣ ಆ ಮುಖಪರಿಚಯವೇ. ಹೆಸರು ಮರೆಸಿಕೊಂಡವರು ತಾನೇ ಬೈಯುವುದು ಎಂಬುದು ಎಲ್ಲೆಡೆ ಕೇಳಿಬರುವ ಮಾತು.

ಅದನ್ನು ಒಂದು ದೇಶವೇ ಪರೀಕ್ಷಿಸಿ ನೋಡಿದೆ. ದಕ್ಷಿಣ ಕೊರಿಯಾ 2007ರಲ್ಲಿ, ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ತಮ್ಮ ನಿಜ ಗುರುತನ್ನು ದೃಢಪಡಿಸಬೇಕೆಂದು ಕಾನೂನು ಮಾಡಿತು. 2012ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕಾನೂನುಬಾಹಿರ ಬರಹಗಳು ಅದರಿಂದ ಹೇಳಿಕೊಳ್ಳುವಷ್ಟು ಕಡಿಮೆಯಾದದ್ದು ಕಾಣಲಿಲ್ಲ ಎಂಬುದು ನ್ಯಾಯಾಲಯ ಕೊಟ್ಟ ಕಾರಣಗಳಲ್ಲೊಂದು. ಆನ್‌ಲೈನ್‌ನಲ್ಲಿ ಜನರ ಲಗಾಮು ಸಡಿಲವಾಗುವುದೇಕೆ ಎಂದು ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಆರು ಅಂಶಗಳನ್ನು ಗುರುತಿಸಿದಾಗಲೂ ಹೆಸರಿನ ಮರೆ ಅವುಗಳಲ್ಲಿ ಒಂದು ಮಾತ್ರವಾಗಿತ್ತು. ಎದುರಿನವರ ಮುಖ ಕಾಣದಿರುವುದು, ಮಾತು ಆಡಿದ ಕ್ಷಣದಲ್ಲೇ ಅದರ ಪರಿಣಾಮ ನೋಡಬೇಕಾಗಿ ಬಾರದಿರುವುದು ಉಳಿದವುಗಳಲ್ಲಿ ಸೇರಿವೆ. ಈ ಎರಡೂ ಪರಿಚಿತರ ಗುಂಪಿನಲ್ಲೂ ಇದ್ದೇ ಇರುತ್ತವೆ. ಪರಿಚಯವಿದ್ದರೆ ಇನ್ನೊಂದು ಅಪಾಯವೂ ಸೇರಿಕೊಳ್ಳುತ್ತದೆ: ಎದುರಿನವರ ಬಗ್ಗೆ ಬಳಸಬಹುದಾದ ಸಂಗತಿಗಳು ಕೈಯಲ್ಲಿರುತ್ತವೆ. ಈ ಪ್ರಕರಣದಲ್ಲಿ ಆದದ್ದು ಅದೇ.

ಸಮಸ್ಯೆ

ಆ ವಾರದ ವಿಷಯ ಕಡ್ಡಾಯ ಮತದಾನ. ಮೊದಲ ಎರಡು ದಿನದ ಚರ್ಚೆ, ನಿಜ ಹೇಳಬೇಕೆಂದರೆ, ನಾನು ಓದಿದ ಒಳ್ಳೆಯ ರಾಜಕೀಯ ಚರ್ಚೆಗಳಲ್ಲೊಂದು. ಪರವಾಗಿ ಬರೆದವರು ಒಬ್ಬ ಲೆಕ್ಕಪರಿಶೋಧಕರು. ಆಸ್ಟ್ರೇಲಿಯಾದಲ್ಲಿ 1922ರ ಚುನಾವಣೆಯಲ್ಲಿ ಮತ ಹಾಕಿದವರು ಶೇ 60ಕ್ಕಿಂತ ಕಡಿಮೆ. 1924ರಲ್ಲಿ ಕಾನೂನು ಬಂತು, 1925ರಲ್ಲಿ ಪ್ರಮಾಣ ಶೇ 91 ದಾಟಿತು ಎಂದು ಅವರು ಅಂಕಿ ಇಟ್ಟರು. ವಿರೋಧವಾಗಿ ಬರೆದವರು ಒಬ್ಬ ಶಿಕ್ಷಕಿ. ಮತಗಟ್ಟೆಗೆ ಬಂದವರ ಸಂಖ್ಯೆ ಏರಿದ್ದು ನಿಜ, ಆದರೆ ಅಭ್ಯರ್ಥಿಗಳಿಗೆ ಆದ್ಯತೆಯ ಅಂಕಿ ಕೊಡಬೇಕಾದ ಅಲ್ಲಿನ ಮತಪತ್ರದಲ್ಲಿ, ಹೆಸರುಗಳಿರುವ ಕ್ರಮದಲ್ಲೇ ಮೇಲಿಂದ ಕೆಳಕ್ಕೆ ಅಂಕಿ ಬರೆದು ಕೈತೊಳೆದುಕೊಳ್ಳುವ ಮತಕ್ಕೆ ಆಸ್ಟ್ರೇಲಿಯಾದವರೇ ‘ಡಾಂಕಿ ವೋಟ್’ ಎಂದು ಹೆಸರಿಟ್ಟಿದ್ದಾರಲ್ಲ ಎಂದರು. ದಂಡ ಎಲ್ಲರಿಗೂ ಒಂದೇ, ಆದರೆ ದಿನಗೂಲಿಯವರಿಗೆ ಅದರ ಭಾರ ಬೇರೆ ಎಂದರು. ನೆದರ್‌ಲೆಂಡ್ಸ್ 1970ರಲ್ಲಿ ಕಡ್ಡಾಯವನ್ನು ಕೈಬಿಟ್ಟದ್ದನ್ನು ನೆನಪಿಸಿದರು. ಲೆಕ್ಕಪರಿಶೋಧಕರು ಚಿಲಿಯನ್ನು ಮುಂದಿಟ್ಟರು: 2012ರಲ್ಲಿ ಮತದಾನವನ್ನು ಐಚ್ಛಿಕ ಮಾಡಿದ ಆ ದೇಶ, ಮತದಾರರು ಕಡಿಮೆಯಾದದ್ದನ್ನು ಕಂಡು, 2022ರ ಜನಮತಗಣನೆಯ ಹೊತ್ತಿಗೆ ಮತ್ತೆ ಕಡ್ಡಾಯಕ್ಕೆ ಮರಳಿತು.

ಮೂರನೆಯ ದಿನ ಒಬ್ಬ ಎಂಜಿನಿಯರ್ ಹೀಗೆ ಬರೆದರು:

“ಮೇಡಂ, ನಿಮ್ಮ ಬಗ್ಗೆ ಅಪಾರ ಗೌರವವಿದೆ. ಆದರೆ ಹಿಂದಿನ ಚುನಾವಣೆಯಲ್ಲಿ ಮತ ಹಾಕಲಾಗಲಿಲ್ಲ ಎಂದು ನೀವೇ ಮುಖ್ಯ ಗುಂಪಿನಲ್ಲಿ ಬರೆದುಕೊಂಡಿದ್ದಿರಿ. ಹಾಗಾಗಿ ನಿಮ್ಮ ಈಗಿನ ನಿಲುವು ಎಲ್ಲಿಂದ ಬಂತು ಎಂಬುದು ನಮಗೆಲ್ಲ ಅರ್ಥವಾಗುತ್ತದೆ. ತಪ್ಪು ತಿಳಿಯಬೇಡಿ.”

ಕೊನೆಯಲ್ಲಿ ಕೈಮುಗಿದ ಚಿತ್ರ. ಒಂದೇ ಒಂದು ಕೆಟ್ಟ ಪದವಿಲ್ಲ. ಹಲವರು ಮೆಚ್ಚುಗೆ ಒತ್ತಿದರು.

ಆಕೆ ಮತ ಹಾಕದ್ದಕ್ಕೆ ಕಾರಣ, ಅವತ್ತು ಅವರ ತಂದೆ ಆಸ್ಪತ್ರೆಯಲ್ಲಿದ್ದರು. ಅದನ್ನು ಅವರು 150 ಜನರ ಮುಂದೆ ವಿವರಿಸಬೇಕಾಯಿತು. ವಿವರಿಸಿದ ಮೇಲೆ ಮತ್ತೊಬ್ಬರು, ಭಾವನಾತ್ಮಕ ವಿಷಯ ತಂದು ಚರ್ಚೆಯ ದಿಕ್ಕು ತಪ್ಪಿಸಬಾರದು ಎಂದು ವಿನಯದಿಂದಲೇ ತಿಳಿಹೇಳಿದರು! ಆಗ ಒಬ್ಬ ಕಿರಿಯ ಸದಸ್ಯ ರೇಗಿ, “ಇದಕ್ಕಿಂತ ಹೊಲಸು ವಾದ ನಾನು ನೋಡಿಲ್ಲ” ಎಂದು ಬರೆದ.

ನಿರ್ವಾಹಕರೊಬ್ಬರು ನಿಯಮ ನೋಡಿದರು. ‘ಹೊಲಸು’ ಕೆಟ್ಟ ಪದ. ಕಿರಿಯ ಸದಸ್ಯನಿಗೆ ಮೂರು ದಿನ ಮ್ಯೂಟ್. ಎಂಜಿನಿಯರ್‌ಗೆ ಏನೂ ಇಲ್ಲ. ಶಿಕ್ಷಕಿ ಅಂದು ರಾತ್ರಿ ಗುಂಪು ಬಿಟ್ಟರು.

ಇಡೀ ಪ್ರಕರಣದ ತಿರುವು ಆ ಮ್ಯೂಟ್ ತೀರ್ಮಾನ. ನಿಂದನೆ ಎಲ್ಲಿ ಬೇಕಾದರೂ ಆಗುತ್ತದೆ. ಇಲ್ಲಿ ಬಳಗವೇ ಅಧಿಕೃತವಾಗಿ, ವಾದವನ್ನು ಬೈದವನು ತಪ್ಪಿತಸ್ಥ, ವ್ಯಕ್ತಿಯನ್ನು ಬೆತ್ತಲೆ ಮಾಡಿದವರು ಸಭ್ಯರು ಎಂದು ಸಾರಿತು. ಉಳಿದ ಸದಸ್ಯರು ಆ ಪಾಠವನ್ನು ಚೆನ್ನಾಗಿಯೇ ಕಲಿತರು.

ಮೊದಲ ಪ್ರಯತ್ನಗಳು

ಮುಂದಿನ ವಾರಗಳಲ್ಲಿ ಗುಂಪಿನ ಭಾಷೆ ಬದಲಾಯಿತು. ಬೈಗುಳ ಕಡಿಮೆಯಾಗಿ ‘ಪೂಜ್ಯರು’, ‘ಮಹಾನುಭಾವರು’, ‘ತಮ್ಮಂಥ ಜ್ಞಾನಿಗಳು’ ಹೆಚ್ಚಿದರು. ನಿರ್ವಾಹಕರು ನಿಷೇಧಿತ ಪದಗಳ ಪಟ್ಟಿಯನ್ನು ಉದ್ದ ಮಾಡಿದರು. ಪಟ್ಟಿಗೆ ‘ಭಕ್ತ’ ಸೇರಿತು, ‘ಗುಲಾಮ’ ಸೇರಿತು. ‘ಬುದ್ಧಿಜೀವಿ’ ಸೇರಬೇಕೋ ಬೇಡವೋ ಎಂಬುದರ ಮೇಲೇ ಒಂದು ಸಂಜೆಯಿಡೀ ವಾದ ನಡೆಯಿತು. ಸದಸ್ಯರು ಅಕ್ಷರ ಬದಲಿಸಿ ಬರೆಯತೊಡಗಿದರು. ಪರಸ್ಪರರ ಮೇಲೆ ದೂರು ಕೊಡುವುದೂ ಚರ್ಚೆಯ ಒಂದು ವರಸೆಯಾಯಿತು. ವಾದದಲ್ಲಿ ಹಿಂದೆ ಬಿದ್ದವರು ಎದುರಿನವರ ಒಂದು ಪದ ಹಿಡಿದು ನಿರ್ವಾಹಕರನ್ನು ಕರೆಯುತ್ತಿದ್ದರು.

ಆಮೇಲೆ ಗುಂಪನ್ನೇ ಒಂದು ವಾರ ಮುಚ್ಚಿದರು, ಬಿಸಿ ಆರಲಿ ಎಂದು. ಆ ವಾರ ಜನ ಖಾಸಗಿಯಾಗಿ ಜಗಳವಾಡಿದರು. ಗುಂಪು ತೆರೆದ ದಿನ ಆ ಖಾಸಗಿ ಮಾತುಗಳ ಸ್ಕ್ರೀನ್‌ಶಾಟ್‌ಗಳು ಬಂದು ಬಿದ್ದವು. ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮುಚ್ಚುವುದರಿಂದ ಏನೂ ಆಗಲಿಲ್ಲ.

ನಾಲ್ಕೈದು ಜನರನ್ನು ಹೊರಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆಯೂ ಬಂತು. ನಿರ್ವಾಹಕರಲ್ಲಿ ಇಬ್ಬರು ಅದರ ಪರ ಇದ್ದರು. ಈ ಸಲಹೆಯಲ್ಲಿ ಸ್ವಲ್ಪ ಹುರುಳಿದೆ. ಅಲೆಕ್ಸಾಂಡರ್ ಬೋರ್ ಮತ್ತು ಮೈಕೆಲ್ ಬ್ಯಾಂಗ್ ಪೀಟರ್ಸನ್ ಎಂಬ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆನ್‌ಲೈನ್‌ನಲ್ಲಿ ರಾಜಕೀಯವಾಗಿ ಹಗೆತನ ತೋರುವವರು ಹೆಚ್ಚಾಗಿ ಎದುರಾಬದುರು ಮಾತಿನಲ್ಲೂ ಹಾಗೇ ಇರುತ್ತಾರೆ. ಆನ್‌ಲೈನ್‌ನಲ್ಲಿ ಅದು ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಆದರೆ ಅದಕ್ಕೂ ಮೊದಲು, 2017ರಲ್ಲಿ ಜಸ್ಟಿನ್ ಚೆಂಗ್ ಮತ್ತು ಸಂಗಡಿಗರು ಸಾಮಾನ್ಯ ಜನರ ಮೇಲೆ ಪ್ರಯೋಗ ಮಾಡಿದಾಗ, ಕೆಟ್ಟ ಮನಸ್ಥಿತಿಯಲ್ಲಿರುವವರು, ತಮಗಿಂತ ಮುಂಚೆ ಬಂದ ಕೆಟ್ಟ ಪ್ರತಿಕ್ರಿಯೆಗಳನ್ನು ಓದಿದವರು, ತಾವೂ ಹಾಗೆ ಬರೆಯುವ ಸಾಧ್ಯತೆ ಹೆಚ್ಚಿತ್ತು. ನನಗೆ ಈ ಗುಂಪಿನ ಮಟ್ಟಿಗೆ ಎರಡನೆಯದು ಹೆಚ್ಚು ಹೊಂದುತ್ತದೆ ಎನಿಸಿತು. ಹೊರಹಾಕಬೇಕೆಂದ ಪಟ್ಟಿಯಲ್ಲಿದ್ದ ಆ ಕಿರಿಯ ಸದಸ್ಯ ಮೊದಲ ಎರಡು ದಿನ ಯಾರ ಮೇಲೂ ಹರಿಹಾಯ್ದಿರಲಿಲ್ಲ.

ಓದಿದಾಗ ಕಂಡದ್ದು

ನಾನು ಪದಗಳನ್ನು ಬದಿಗಿಟ್ಟು, ಪ್ರತಿ ಸಂದೇಶ ಯಾವುದರ ಬಗ್ಗೆ ಇದೆ ಎಂದು ಗುರುತು ಹಾಕುತ್ತ ಹೋದೆ: ಹೇಳಿಕೆಯ ಬಗ್ಗೆಯೋ, ಸಾಕ್ಷ್ಯದ ಬಗ್ಗೆಯೋ, ಹೇಳಿದವರ ಬಗ್ಗೆಯೋ. ಚರ್ಚೆ ಮುರಿದ ಜಾಗಗಳಲ್ಲೆಲ್ಲ ಒಂದೇ ಬಗೆಯ ವಾಕ್ಯ ಸಿಕ್ಕಿತು. “ನೀವು ಹೀಗೆ ಹೇಳುವುದು ಏಕೆಂದರೆ…” ಇದರ ಮುಂದೆ ಜಾತಿ ಬಂದಿರಬಹುದು, ಉದ್ಯೋಗ ಬಂದಿರಬಹುದು, ಅಣ್ಣನ ಪಕ್ಷ ಬಂದಿರಬಹುದು. ವಾಕ್ಯದ ಮೊದಲರ್ಧ ಬಂದ ಮೇಲೆ ಅದೇ ವಿಷಯದ ಮೇಲೆ ಚರ್ಚೆ ಚೇತರಿಸಿಕೊಂಡದ್ದು ತೀರ ಅಪರೂಪ. ಬೈಗುಳ ಬಂದ ಮೇಲೂ ಚರ್ಚೆ ಮುಂದುವರಿದ ಉದಾಹರಣೆಗಳು ಮಾತ್ರ ಬೇಕಾದಷ್ಟಿದ್ದವು.

ಇದರಲ್ಲಿ ಆಶ್ಚರ್ಯವಿಲ್ಲ. ಅಂಕಿ ತಪ್ಪು ಎಂದರೆ ಸರಿಯಾದ ಅಂಕಿ ತಂದು ಉತ್ತರಿಸಬಹುದು. ನಿನ್ನ ಉದ್ದೇಶ ಬೇರೆ ಎಂದರೆ ಏನು ತಂದು ಉತ್ತರಿಸುವುದು? ನಿರಾಕರಿಸಿದರೆ ಮುಚ್ಚಿಡುತ್ತಿದ್ದೀರಿ ಎನ್ನುತ್ತಾರೆ, ವಿವರಿಸಿದರೆ ಕಣ್ಣೀರು ಹಾಕುತ್ತಿದ್ದೀರಿ ಎನ್ನುತ್ತಾರೆ, ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಶಿಕ್ಷಕಿ ಈ ಮೂರನ್ನೂ ಒಂದೇ ದಿನದಲ್ಲಿ ಕಂಡರು.

ಇನ್ನೂ ಒಂದು ನಷ್ಟವಾಗಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಮತ ಹಾಕದವರನ್ನು ಕಾರಣ ಕೇಳುತ್ತಾರೆ. ಕಾರಣ ಸರಿಯಾದದ್ದು, ಸಾಕಷ್ಟಾದದ್ದು ಎನಿಸಿದರೆ ದಂಡ ಹಾಕುವುದಿಲ್ಲ. ಹಾಗಾದರೆ ಆಸ್ಪತ್ರೆಯಲ್ಲಿ ತಂದೆಯ ಹಾಸಿಗೆಯ ಪಕ್ಕ ಕೂತವರ ಕಾರಣ ಸಾಕಷ್ಟಾದದ್ದೇ? ಅದನ್ನು ತೀರ್ಮಾನಿಸುವ ಗುಮಾಸ್ತನಿಗೆ ಒಬ್ಬ ಪ್ರಜೆ ತನ್ನ ಮನೆಯ ಎಷ್ಟು ಕಷ್ಟ ಹೇಳಿಕೊಳ್ಳಬೇಕು? ಕಡ್ಡಾಯ ಮತದಾನದ ಬಗ್ಗೆ ಕೇಳಬಹುದಾದ ತೂಕದ ಪ್ರಶ್ನೆಗಳಲ್ಲಿ ಇದೂ ಒಂದು. ಅದಕ್ಕೆ ಬೇಕಾದ ಸಾಕ್ಷ್ಯ ಆ ಗುಂಪಿನಲ್ಲೇ ಇತ್ತು. ಎಂಜಿನಿಯರ್ ಅದನ್ನು ಆಕೆಯ ಮೇಲೆ ಬಳಸಿದ್ದರಿಂದ ಅದು ವಿಷಯಕ್ಕೆ ಬಳಕೆಯಾಗಲಿಲ್ಲ.

ಹೊಸ ನಿಯಮ, ಅದಕ್ಕೆ ಬಂದ ಆಕ್ಷೇಪ

ಪದಗಳ ಪಟ್ಟಿಯನ್ನು ಕೈಬಿಟ್ಟು ಒಂದು ವಾಕ್ಯದ ನಿಯಮ ಇಡೋಣ ಎಂದೆ: ಹೇಳಿದ ಮಾತಿನ ಬಗ್ಗೆ ಬರೆಯಿರಿ, ಹೇಳಿದವರು ಏಕೆ ಹೇಳಿದರು ಎಂಬುದರ ಬಗ್ಗೆ ಬೇಡ.

ತಕ್ಷಣ ವಿರೋಧಿಸಿದವರು ಲೆಕ್ಕಪರಿಶೋಧಕರು, ಅದೂ ಸರಿಯಾದ ಕಾರಣಕ್ಕೆ. “ರಸ್ತೆ ಬೇಕು ಅಂತ ವಾದಿಸುವವರೇ ಆ ರಸ್ತೆಯ ಗುತ್ತಿಗೆದಾರರಾಗಿದ್ದರೆ ನಾನು ಕೇಳಬಾರದೇ? ಲೆಕ್ಕ ತಪಾಸಣೆ ಮಾಡುವವನಿಗೆ ಹಿತಾಸಕ್ತಿ ಕೇಳಬೇಡ ಎಂದರೆ ಕೆಲಸವೇ ಇಲ್ಲ” ಎಂದರು. ಇದರ ಮೇಲೆ ನಡೆದ ಮಾತುಕತೆ ಇಡೀ ಪ್ರಕರಣದ ಅತ್ಯಂತ ಉಪಯುಕ್ತ ಭಾಗ.

ಅಲ್ಲಿ ಮೂಡಿದ ವಿವೇಚನೆ ಹೀಗೆ. ಯಾರಾದರೂ “ನಾನೇ ಕಣ್ಣಾರೆ ಕಂಡಿದ್ದೇನೆ, ನಂಬಿ” ಎಂದರೆ ಅವರು ತಮ್ಮನ್ನೇ ಸಾಕ್ಷಿಯಾಗಿ ನಿಲ್ಲಿಸಿಕೊಂಡಂತೆ. ಆಗ ಅವರ ಸಂಬಂಧ, ಲಾಭ ಇವನ್ನು ಕೇಳುವುದು ನ್ಯಾಯ. ಆದರೆ ಎಲ್ಲರೂ ಪರಿಶೀಲಿಸಬಹುದಾದ ಅಂಕಿ ಇಟ್ಟರೆ, ಕಾರಣ ಕೊಟ್ಟರೆ, ಹೇಳಿದವರು ಯಾರಾದರೂ ಅದು ನಿಲ್ಲುವುದು ಅಥವಾ ಬೀಳುವುದು ತನ್ನ ಬಲದ ಮೇಲೇ. ಗುತ್ತಿಗೆದಾರ ಕೊಟ್ಟ ವಾಹನಗಳ ಎಣಿಕೆ ತಪ್ಪಿರಬಹುದೆಂಬ ಅನುಮಾನ ಬಂದರೆ ಎಣಿಕೆಯನ್ನು ಪರೀಕ್ಷಿಸಬೇಕು. ಇನ್ನು ಮತ ಹಾಕದವರು ಕಡ್ಡಾಯ ಮತದಾನವನ್ನು ವಿರೋಧಿಸಿದರೆ? ಅಲ್ಲಿ ಸಾಕ್ಷಿಯ ಪ್ರಶ್ನೆಯೇ ಇಲ್ಲ. ಕುಡಿಯುವವನು ಕುಡಿತ ಕೆಟ್ಟದ್ದು ಎಂದರೂ ಆ ಮಾತು ನಿಜವೇ.

ಕೊನೆಗೆ ನಿಯಮಕ್ಕೆ ಒಂದು ಬಾಗಿಲು ಬಿಟ್ಟರು. ಹಿತಾಸಕ್ತಿಯ ಬಗ್ಗೆ ನೇರವಾಗಿ ಪ್ರಶ್ನೆ ಕೇಳಬಹುದು, ತೀರ್ಪಿನ ರೂಪದಲ್ಲಿ ಹೇಳುವಂತಿಲ್ಲ. ಕೇಳಿದವರು ಅದೇ ಸಂದೇಶದಲ್ಲಿ ಎದುರಿನವರ ವಾದಕ್ಕೂ ಉತ್ತರ ಕೊಡಬೇಕು. ಬಳಗದ ಹೊರಗಿನಿಂದ ಸಂಗ್ರಹಿಸಿದ ಖಾಸಗಿ ವಿಷಯ ತರುವಂತಿಲ್ಲ.

ಎರಡನೆಯ ಆಕ್ಷೇಪ ಬೇರೆ ಕಡೆಯಿಂದ ಬಂತು. ಕೆಲವರು ಈ ನಿಯಮದಡಿ ತಮ್ಮ ಮೆಚ್ಚಿನ ನಾಯಕರನ್ನೂ ಸೇರಿಸಬೇಕೆಂದರು: ಅವರ ಉದ್ದೇಶವನ್ನೂ ಪ್ರಶ್ನಿಸುವಂತಿಲ್ಲ ಅಲ್ಲವೇ? ಇದನ್ನು ನಿರ್ವಾಹಕರು ಒಪ್ಪಲಿಲ್ಲ, ಒಪ್ಪಿದ್ದರೆ ನಿಯಮವೇ ಹಾಳಾಗುತ್ತಿತ್ತು. ಅಧಿಕಾರ ಕೇಳುವವರು, ಅಧಿಕಾರದಲ್ಲಿರುವವರು ಯಾಕೆ ಏನು ಮಾಡುತ್ತಾರೆ ಎಂದು ಕೇಳುವುದೇ ರಾಜಕೀಯ ಚರ್ಚೆ. ಸಭ್ಯತೆಯ ಹೆಸರಿನಲ್ಲಿ ಆ ಪ್ರಶ್ನೆಗಳನ್ನು ಮುಚ್ಚಿಸುವುದು ಹಳೆಯ ಚಾಳಿ. ಸಂವಹನ ವಿದ್ವಾಂಸೆ ಝಿಝಿ ಪಾಪಚರಿಸ್ಸಿ 2004ರಲ್ಲೇ ಆನ್‌ಲೈನ್ ರಾಜಕೀಯ ಮಾತುಕತೆಗಳನ್ನು ಪರಿಶೀಲಿಸಿ, ಒರಟು ಮಾತನ್ನೂ ಪ್ರಜಾಪ್ರಭುತ್ವಕ್ಕೆ ಧಕ್ಕೆ ತರುವ ಅಸಭ್ಯತೆಯನ್ನೂ ಬೇರೆಬೇರೆಯಾಗಿ ನೋಡಬೇಕೆಂದಿದ್ದರು. ಕಿರಿಯ ಸದಸ್ಯನದು ಮೊದಲ ಬಗೆಯದು.

ಇನ್ನೊಂದು ಅಂಶವನ್ನು ಬಳಗದ ಹಿರಿಯರೊಬ್ಬರು ಸೇರಿಸಿದರು. ಪ್ರಾಚೀನ ಭಾರತದ ತರ್ಕಗ್ರಂಥವಾದ ನ್ಯಾಯಸೂತ್ರಗಳಲ್ಲಿ ವಾದಿ ಸೋತನೆಂದು ಘೋಷಿಸಬಹುದಾದ 22 ನಿಗ್ರಹಸ್ಥಾನಗಳ ಪಟ್ಟಿಯಿದೆ. ಅದರಲ್ಲಿ ಅನನುಭಾಷಣ ಎಂಬುದೊಂದು: ಪ್ರತಿವಾದಿ ಮೂರು ಬಾರಿ ಹೇಳಿ, ಸಭೆಗೂ ಅರ್ಥವಾದ ಮಾತನ್ನು ವಾದಿ ತಿರುಗಿ ಹೇಳಲಾರದೆ ಹೋದರೆ ಅವನು ಸೋತ. ಇದನ್ನೇ ನಮ್ಮ ನಿಯಮ ಮಾಡೋಣ ಎಂದರು ಅವರು. ಜಗಳ ಬಿಸಿಯಾದಾಗ, ಎದುರಿನವರ ವಾದವನ್ನು ಅವರು ಒಪ್ಪುವಂತೆ ಎರಡು ಸಾಲಿನಲ್ಲಿ ಬರೆದೇ ಮುಂದುವರಿಯಬೇಕು. ಕೆಲವರಿಗೆ ಇದು ಅತಿಯೆನಿಸಿತು. ಹೇಗೋ ಉಳಿದುಕೊಂಡಿತು.

ಜಾರಿಯ ವಿಧಾನವೂ ಬದಲಾಯಿತು. ಮೊದಲ ಬಾರಿಗೆ ಮ್ಯೂಟ್ ಇಲ್ಲ. ಸಂದೇಶವನ್ನು ತೆಗೆದು, ಯಾವ ವಾಕ್ಯ ನಿಯಮ ಮೀರಿದೆ ಎಂದು ಗುರುತಿಸಿ, ಬರೆದವರಿಗೆ ಖಾಸಗಿಯಾಗಿ ಕಳಿಸುವುದು. ಆ ವಾಕ್ಯ ಬಿಟ್ಟು ಮತ್ತೆ ಹಾಕಬಹುದು. ಒಬ್ಬ ನಿರ್ವಾಹಕರ ತೀರ್ಮಾನ ಸಾಲದು, ರಾಜಕೀಯವಾಗಿ ಅವರಿಗೆ ಎದುರು ನಿಲುವಿನ ಇನ್ನೊಬ್ಬರೂ ಒಪ್ಪಬೇಕು. ಮಾತು ಬಿರುಸಾದರೆ ಸ್ಲೋ ಮೋಡ್ ಹಾಕಿ, ಒಬ್ಬರು ಹತ್ತು ನಿಮಿಷಕ್ಕೊಂದೇ ಸಂದೇಶ ಕಳಿಸುವಂತೆ ಮಾಡುವುದು. ಪ್ರತಿ ಹೊಸ ವಿಷಯದ ತಲೆಯ ಮೇಲೆ ನಿಯಮವನ್ನು ಮತ್ತೆ ಬರೆಯುವುದು. ಈ ಕೊನೆಯದು ತೋರಿಕೆಗೆಂದು ಕೆಲವರು ನಕ್ಕರು. ಆದರೆ ನೇಥನ್ ಮಟಿಯಾಸ್ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡ ಆನ್‌ಲೈನ್ ವಿಜ್ಞಾನ ಚರ್ಚೆಗಳ ಮೇಲ್ಭಾಗದಲ್ಲಿ ನಿಯಮ ತೋರಿಸಿದ್ದೇ ತಡ, ಹೊಸಬರು ನಿಯಮ ಪಾಲಿಸುವುದೂ ಹೆಚ್ಚಿತು, ಹೊಸಬರ ಪಾಲ್ಗೊಳ್ಳುವಿಕೆಯೂ ಹೆಚ್ಚಿತು. ಅಂದರೆ ನಿಯಮ ಕಂಡು ಜನ ಹಿಂಜರಿಯಲಿಲ್ಲ, ಧೈರ್ಯ ಮಾಡಿದರು.

ಆಮೇಲೆ ಏನಾಯಿತು

ಮೊದಲ ತಿಂಗಳು ಗೊಣಗಾಟ. “ಶಾಲೆ ನಡೆಸುತ್ತಿದ್ದೀರಾ?” ಎಂಬುದು ದಿನನಿತ್ಯದ ಮಾತಾಯಿತು. ಸಂದೇಶಗಳ ಸಂಖ್ಯೆ ಇಳಿಯಿತು. ಗುಂಪು ಸಾಯುತ್ತಿದೆ ಎಂದು ಒಬ್ಬ ನಿರ್ವಾಹಕರು ಗಾಬರಿಯಾದರು. ಆದರೆ ಇಳಿದದ್ದು ಮೂರು ನಾಲ್ಕು ಜನ ಸಾಲುಸಾಲಾಗಿ ಹಾಕುತ್ತಿದ್ದ ಒಂದು ಸಾಲಿನ ಪ್ರಹಾರಗಳು. ಅಲ್ಲಿಯವರೆಗೆ ಬರೀ ಓದುತ್ತಿದ್ದ ಕೆಲವರು ನಿಧಾನವಾಗಿ ಬರೆಯತೊಡಗಿದರು, ಅವರಲ್ಲಿ ಮಹಿಳೆಯರು ಹೆಚ್ಚು.

ಎಂಜಿನಿಯರ್ ವಿಷಯ ಕುತೂಹಲದ್ದು. ಅವರ ಮೊದಲ ಹಿಂತಿರುಗಿದ ಸಂದೇಶದಲ್ಲಿ ಗುರುತು ಹಾಕಿದ ವಾಕ್ಯಗಳನ್ನು ತೆಗೆದರೆ ನಮಸ್ಕಾರ ಬಿಟ್ಟು ಏನೂ ಉಳಿಯುತ್ತಿರಲಿಲ್ಲ. ಅವರು ನಿರ್ವಾಹಕರೊಂದಿಗೆ ಬಹಳ ಹೊತ್ತು ವಾದ ಮಾಡಿದರು, ಕೆಲವು ದಿನ ಮುನಿಸಿಕೊಂಡರು. ನಂತರ ಬರೆದ ಸಂದೇಶದಲ್ಲಿ ಅವರ ಕೈಯಲ್ಲಿ ಒಂದು ಒಳ್ಳೆಯ ವಾದ ಮೊದಲಿಂದಲೂ ಇತ್ತು ಎಂಬುದು ಗೊತ್ತಾಯಿತು: ಮತದಾನ ಐಚ್ಛಿಕವಾಗಿದ್ದರೆ ಪಕ್ಷಗಳು ತಮ್ಮ ಬೆಂಬಲಿಗರನ್ನು ಮತಗಟ್ಟೆಗೆ ಕರೆತರುವುದರಲ್ಲೇ ಹಣ ಸುರಿಯುತ್ತವೆ, ಎದುರು ಪಕ್ಷದವರು ಮನೆಯಲ್ಲೇ ಉಳಿಯಲಿ ಎಂದು ಬಯಸುತ್ತವೆ, ಕಡ್ಡಾಯವಾದರೆ ಆ ಆಟವೇ ಇಲ್ಲ. ವ್ಯಕ್ತಿಯ ಮೇಲೆ ಬೀಳುವುದು ಸುಲಭವಾಗಿದ್ದಾಗ ಇದನ್ನು ಬರೆಯುವ ಶ್ರಮ ಅವರಿಗೆ ಬೇಕಾಗಿರಲಿಲ್ಲ ಎಂದು ನನ್ನ ಊಹೆ.

“ದಿಕ್ಕು ತಪ್ಪಿಸಬಾರದು” ಎಂದು ಶಿಕ್ಷಕಿಗೆ ತಿಳಿಹೇಳಿದ್ದವರು ಹತ್ತಿಪ್ಪತ್ತು ಜನರೊಂದಿಗೆ ಹೊರನಡೆದು ಬೇರೆ ಗುಂಪು ಕಟ್ಟಿಕೊಂಡರು. ಅಲ್ಲಿ ನಿಯಮಗಳಿಲ್ಲವಂತೆ, ಎಲ್ಲರೂ ಒಂದೇ ಪಕ್ಷದವರಾದ್ದರಿಂದ ಬೇಕಾಗಿಯೂ ಇಲ್ಲವಂತೆ. ಕಿರಿಯ ಸದಸ್ಯನ ಮ್ಯೂಟ್ ತಪ್ಪಾಗಿತ್ತು ಎಂದು ನಿರ್ವಾಹಕರು ಎಲ್ಲರ ಮುಂದೆ ಬರೆದರು. ಅವನು ಈಗಲೂ ಒರಟಾಗಿಯೇ ಬರೆಯುತ್ತಾನೆ, ವಾದಗಳನ್ನು ಬೈಯುತ್ತಾನೆ, ಮನುಷ್ಯರನ್ನು ಬೈಯುವುದಿಲ್ಲ.

ಶಿಕ್ಷಕಿಗೆ ನಿರ್ವಾಹಕರು ಕ್ಷಮೆ ಕೋರಿ, ಹೊಸ ನಿಯಮ ಕಳಿಸಿ, ಮರಳಿ ಬರುವಂತೆ ಕೇಳಿದರು. ಆಕೆ ಕ್ಷಮೆ ಒಪ್ಪಿಕೊಂಡರು. ಬರಲಿಲ್ಲ. “ನೀವು ಸರಿಪಡಿಸಿದ್ದು ಒಳ್ಳೆಯದೇ ಆಯಿತು. ಆದರೆ ಅವತ್ತು ಮೆಚ್ಚುಗೆ ಒತ್ತಿದವರ ಹೆಸರುಗಳು ನನಗೆ ನೆನಪಿವೆ” ಎಂದಷ್ಟೇ ಉತ್ತರಿಸಿದರಂತೆ. ನಿಯಮಗಳನ್ನು ರೂಪಿಸುವಾಗ ಬರೆದವರ ಬಗ್ಗೆ ಎಲ್ಲರೂ ಯೋಚಿಸಿದ್ದೆವು. ಒತ್ತಿದವರ ಬಗ್ಗೆ ಯಾವ ನಿಯಮವೂ ಇಲ್ಲ, ಮಾಡಲು ಬರುವಂಥದ್ದೂ ಅಲ್ಲ.

ಇತ್ಯರ್ಥವಾಗದೆ ಉಳಿದದ್ದು

ಈ ನಿಯಮ ಹಿಡಿಯಲಾರದ ಒಂದು ಬಗೆಯ ದಾಳಿಯಿದೆ. “ಆ ಸಮುದಾಯದವರೇ ಹಾಗೆ, ಅವರಿಗೆ ಮತದ ಬೆಲೆ ಗೊತ್ತಿಲ್ಲ” ಎಂಬ ವಾಕ್ಯ ಗುಂಪಿನಲ್ಲಿರುವ ಯಾರ ಹೆಸರನ್ನೂ ಎತ್ತುವುದಿಲ್ಲ. ವ್ಯಾಕರಣದ ದೃಷ್ಟಿಯಿಂದ ಅದು ಹೇಳಿಕೆ, ಸಾಕ್ಷ್ಯ ಕೇಳಬಹುದಾದ ಹೇಳಿಕೆ. ಆದರೆ ಗುಂಪಿನಲ್ಲಿ ಆ ಸಮುದಾಯದವರು ಇದ್ದಾರೆ, ಅವರು ಅದನ್ನು ಹೇಗೆ ಓದುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಇಂಥ ಒಂದು ಸಂದೇಶ ಬಂದಾಗ ಒಬ್ಬ ನಿರ್ವಾಹಕರು ಅದನ್ನು ತೆಗೆಯಬೇಕೆಂದರು. ಅವರಿಗೆ ಜೋಡಿಯಾಗಿದ್ದವರು, ಅದನ್ನು ಇಟ್ಟು ಎಲ್ಲರ ಮುಂದೆ ಅಂಕಿಗಳಿಂದ ಸುಳ್ಳೆಂದು ತೋರಿಸಬೇಕೆಂದರು. ಇಬ್ಬರೂ ಒಪ್ಪಬೇಕೆಂಬ ನಿಯಮವಿದ್ದುದರಿಂದ ಸಂದೇಶ ಉಳಿಯಿತು. ಅದಕ್ಕೆ ಅಂಕಿಗಳಿಂದ ಉತ್ತರ ಕೊಡುವ ಹೊಣೆ ಮಾತ್ರ, ಹೆಚ್ಚುಕಡಿಮೆ ಪೂರ್ತಿಯಾಗಿ, ಆ ಸಮುದಾಯದ ಇಬ್ಬರು ಸದಸ್ಯರ ಮೇಲೆಯೇ ಬಿತ್ತು. ಇಂಥ ಸಂದೇಶಗಳಿಗೆ ಯಾರು ಉತ್ತರಿಸಬೇಕು ಎಂಬುದನ್ನು ನಿರ್ವಾಹಕರು ಈಗ ಚರ್ಚಿಸುತ್ತಿದ್ದಾರೆ. ಸದ್ಯಕ್ಕೆ, ಜೋಡಿಯಲ್ಲಿ ಸಂದೇಶ ಉಳಿಯಲಿ ಎಂದವರೇ ಮೊದಲ ಉತ್ತರವನ್ನೂ ಬರೆಯಬೇಕು ಎಂದು ಮಾಡಿಕೊಂಡಿದ್ದಾರೆ.